ಗೇರುಗುಡ್ಡದ ಬುಡದಲ್ಲಿ ಹೆಣೆದ ಜಾಲ

ಎಂಡೋಸಲ್ಫಾನ್ ಎಂದೊಡನೆ ನಮ್ಮ ಕಣ್ಣೆದುರು ಬರುವುದು ಹಾಸಿಗೆ ಹಿಡಿದ ಮಕ್ಕಳ ಚಿತ್ರ. ಆದರೆ ಆ ವಿಷದ ಮಳೆಯನ್ನು ನಿಲ್ಲಿಸಿದವರು ಯಾರು, ಹೇಗೆ ನಿಲ್ಲಿಸಿದರು ಎಂಬುದನ್ನು ನಮ್ಮ ಗಡಿನಾಡಿನ ಮಕ್ಕಳು ಅಷ್ಟಾಗಿ ಅರಿತಿಲ್ಲ. ಅದು ನಮ್ಮ ನೆಲದ್ದೇ ಚರಿತ್ರೆ. ನಾವೇ ಹೇಳದಿದ್ದರೆ ಇನ್ನಾರು ಹೇಳಬೇಕು?

ಕಾಸರಗೋಡಿನ ಗುಡ್ಡಗಳಲ್ಲಿ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್‌ಗೆ ನಾಲ್ಕೂವರೆ ಸಾವಿರ ಹೆಕ್ಟೇರಿಗೂ ಮಿಕ್ಕಿದ ಗೇರು ತೋಟಗಳಿದ್ದವು. ಗೇರಿನ ಚಿಗುರು, ಹೂವು ಹೀರುವ ಟೀ ಸೊಳ್ಳೆಯನ್ನು ಕೊಲ್ಲಲು 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ವರ್ಷಕ್ಕೆ ಎರಡು ಮೂರು ಬಾರಿ ಸಿಂಪಡಣೆ. ಬಾವಿಗಳನ್ನು ಮುಚ್ಚಿಕೊಳ್ಳಿ ಎಂಬ ಸೂಚನೆಯೇನೋ ಬರುತ್ತಿತ್ತು. ಆದರೆ ಎಣ್ಮಕಜೆ ಪಂಚಾಯತಿನ ಪಡ್ರೆಯಂತಹ ಊರಿನಲ್ಲಿ ಕುಡಿಯುವ ನೀರು ಸುರಂಗದ್ದು, ತೋಡಿನದ್ದು. ಗುಡ್ಡದ ಮೇಲೆ ಬಿದ್ದದ್ದು ಕಣಿವೆಗೆ ಇಳಿಯಲೇಬೇಕು. ಹರಿಯುವ ತೋಡನ್ನು ಯಾವ ಚಾಪೆಯಿಂದ ಮುಚ್ಚುವುದು?

ಏನೋ ತಪ್ಪಾಗಿದೆ ಎಂದು ಮೊದಲು ಕಂಡುಕೊಂಡವರು ಊರಿನವರೇ. ಕರುಗಳು ಸೊಟ್ಟ ಕಾಲುಗಳೊಂದಿಗೆ ಹುಟ್ಟುತ್ತಿದ್ದುದನ್ನು ಕೃಷಿಕರು ಗಮನಿಸಿದರು. ಪಡ್ರೆಯ ಕೃಷಿಕ ಪತ್ರಕರ್ತ ಶ್ರೀಪಡ್ರೆಯವರು 1981ರಲ್ಲೇ ಆಂಗ್ಲ ವಾರಪತ್ರಿಕೆಯೊಂದರಲ್ಲಿ ಇದನ್ನು ಬರೆದರು. ವಾಣೀನಗರದ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮ ಬಳಿ ಬರುವ ರೋಗಿಗಳಲ್ಲಿ ನರರೋಗ, ಬುದ್ಧಿಮಾಂದ್ಯ, ಕ್ಯಾನ್ಸರ್ ಅತಿಯಾಗಿರುವುದನ್ನು ಗುರುತಿಸಿ, 1997ರಲ್ಲಿ ವೈದ್ಯರ ಪತ್ರಿಕೆಯ ಮೂಲಕ ಇತರ ವೈದ್ಯರ ಗಮನ ಸೆಳೆದರು. ಒಬ್ಬರು ಬರೆದರು, ಮತ್ತೊಬ್ಬರು ಲೆಕ್ಕವಿಟ್ಟರು. ಬಿಡಿ ಬಿಡಿಯಾಗಿದ್ದಾಗ ಇವು ಯಾವ ಕಚೇರಿಯ ಬಾಗಿಲನ್ನೂ ತೆರೆಯಲಿಲ್ಲ.

ಇದೇ ಹೊತ್ತಿಗೆ ಜಿಲ್ಲೆಯ ದಕ್ಷಿಣದ ಪೆರಿಯದಲ್ಲಿ ಕೃಷಿ ಇಲಾಖೆಯ ನೌಕರೆ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯಕ್ಕೆ ಹೋಗಿ ತಡೆಯಾಜ್ಞೆ ತಂದರು. ಉತ್ತರದಲ್ಲಿ ಕನ್ನಡ, ತುಳು ಆಡುವ ಪಡ್ರೆ. ದಕ್ಷಿಣದಲ್ಲಿ ಮಲಯಾಳದ ಪೆರಿಯ. ಭಾಷೆ ಬೇರೆ, ನೋವು ಒಂದೇ. ಎರಡೂ ಕಡೆಯವರ ಜತೆಗೆ ಊರಿನ ಯುವಕರು, ಕೇರಳದ ಪರಿಸರ ಸಂಘಟನೆಗಳು, ಪತ್ರಕರ್ತರು ಕೈಜೋಡಿಸಿದಾಗ ಜಾಲವೊಂದು ಮೂಡಿತು. ಇಪ್ಪತ್ತು ವರ್ಷ ಅಲುಗಾಡದ ವಿಷಯ ನಾಲ್ಕೈದು ವರ್ಷಗಳಲ್ಲಿ ದೇಶದ ಚರ್ಚೆಯಾಯಿತು.

2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆಯ ನೀರು, ಮಣ್ಣು, ರಕ್ತದ ಮಾದರಿಗಳಲ್ಲಿ ಎಂಡೋಸಲ್ಫಾನ್ ಇರುವುದನ್ನು ಪ್ರಕಟಿಸಿತು. ಬೇರೊಂದು ಸಂಸ್ಥೆಯ ಪರೀಕ್ಷೆ ಅದನ್ನು ಅಲ್ಲಗಳೆಯಿತು. ಆಗ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದರು. ಶಾಲೆಯವರಾದ ನಾವು ಗಮನಿಸಬೇಕಾದ್ದು ಇಲ್ಲಿ. ಅವರು ಪರೀಕ್ಷಿಸಿದ್ದು ಶಾಲಾ ಮಕ್ಕಳನ್ನು. ಪಡ್ರೆಯ ಮಕ್ಕಳನ್ನು ಸಿಂಪಡಣೆಯಿಲ್ಲದ ಮೀಂಜ ಪಂಚಾಯತಿನ ಮಕ್ಕಳೊಂದಿಗೆ ಹೋಲಿಸಿದರು. 117 ಗಂಡುಮಕ್ಕಳನ್ನು ಇತರ 90 ಮಕ್ಕಳೊಂದಿಗೆ ಹೋಲಿಸಿದ, 2003ರಲ್ಲಿ ಪ್ರಕಟವಾದ ಪ್ರಬಂಧ, ವಿಷದ ನೆರಳಿನಲ್ಲಿ ಬೆಳೆದವರ ಪ್ರೌಢತೆ ತಡವಾಗುತ್ತಿದೆ ಎಂದಿತು. ಎಲ್ಲ ತಜ್ಞರೂ ಒಪ್ಪಲಿಲ್ಲ. ವಾದ ವರ್ಷಗಟ್ಟಲೆ ನಡೆಯಿತು. ಆದರೆ ಪಕ್ಕದ ಊರಿನ ಮಕ್ಕಳ ಲೆಕ್ಕ ಇಲ್ಲದೆ ಹೋಗಿದ್ದರೆ ವಾದಕ್ಕೆ ನೆಲೆಯೇ ಇರುತ್ತಿರಲಿಲ್ಲ.

2011ರ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಸಭೆ ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿತು. ಮೇ 13ರಂದು ಸುಪ್ರೀಂ ಕೋರ್ಟ್ ದೇಶದಲ್ಲಿ ಅದರ ತಯಾರಿ, ಮಾರಾಟ, ಬಳಕೆಯನ್ನು ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಮೂರು ತಿಂಗಳೊಳಗೆ ಕೊಡಬೇಕೆಂದು ಆದೇಶಿಸಿತು. ಐದು ವರ್ಷ ಕಳೆದ ಮೇಲೆ, 2022ರಲ್ಲಿಯೂ, ಹಣ ತಲುಪಿಲ್ಲವೆಂದು ಅದೇ ನ್ಯಾಯಾಲಯ ಸರಕಾರವನ್ನು ತರಾಟೆಗೆ ತೆಗೆದುಕೊಂಡಿತು. ವಿಷ ನಿಂತರೂ ತಾಯಂದಿರ ಅಲೆದಾಟ ನಿಲ್ಲಲಿಲ್ಲ.

ಶಿಕ್ಷಕ ಬಂಧುಗಳೇ, ಈ ಚರಿತ್ರೆಯಿಂದ ನಮ್ಮ ಶಾಲೆಗಳು ಕಲಿಯಬೇಕಾದ್ದು ಘೋಷಣೆ ಕೂಗುವುದನ್ನಲ್ಲ, ಬರೆದಿಡುವುದನ್ನು. ಊರಿನ ಸುರಂಗ ಯಾವ ತಿಂಗಳು ಬತ್ತಿತು, ತೋಡಿನಲ್ಲಿ ಮೀನು ಉಂಟೋ ಇಲ್ಲವೋ, ಜೇನು ಯಾವಾಗ ಬಿಟ್ಟುಹೋಯಿತು, ಇವನ್ನು ಮಕ್ಕಳು ದಿನಾಂಕ ಹಾಕಿ ಬರೆದಿಡಲಿ. ಪಕ್ಕದ ಶಾಲೆಯವರೊಂದಿಗೆ ತಾಳೆ ನೋಡಲಿ. ಅದು ಮಲಯಾಳ ಶಾಲೆಯಾದರೂ ಸರಿಯೇ. ಪಡ್ರೆಯ ದನಿಗೆ ಬಲ ಬಂದದ್ದು ಪೆರಿಯವೂ ಮೀಂಜವೂ ಜತೆ ಸೇರಿದಾಗ.