ಪನ್ನಾಲೆಯಿಂದ ಪನ್ಹಾಳಕ್ಕೆ: ಒಂದು ಗಿರಿದುರ್ಗದ ಇತಿಹಾಸ

ಮುಂಬಯಿ, ಪುಣೆಗಳಲ್ಲಿ ನೆಲೆಸಿರುವ ಕನ್ನಡ ಮನೆತನಗಳಲ್ಲಿ ಕೊಲ್ಲಾಪುರದ ಮಹಾಲಕ್ಷ್ಮಿಗೆ ನಡೆದುಕೊಳ್ಳುವವು ಅನೇಕ. ದೇವಿಯ ದರ್ಶನ ತೀರಿಸಿಕೊಂಡ ಮೇಲೆ ಕೈಯಲ್ಲುಳಿದ ಒಂದು ದಿನವನ್ನು ಪನ್ಹಾಳಗಡಕ್ಕೆ ಮೀಸಲಿಡುವುದೂ ಅಂಥ ಯಾತ್ರಿಕರಲ್ಲಿ ಉಂಟು. ಕೊಲ್ಲಾಪುರದಿಂದ ವಾಯವ್ಯಕ್ಕೆ ಸುಮಾರು ೨೦ ಕಿಲೋಮೀಟರು. ಬೆಳಗಿನ ಬಸ್ಸು ಕಬ್ಬಿನ ಗದ್ದೆಗಳನ್ನು ಹಾಯ್ದು, ಜೋತಿಬಾನ ಬೆಟ್ಟವನ್ನು ಬಲಕ್ಕೆ ಬಿಟ್ಟು, ತಿರುವು ತಿರುವಾಗಿ ಮೇಲೇರುತ್ತದೆ. ಕೋಟೆಯೊಳಗೇ ಊರು, ಊರಿನೊಳಗೇ ಕೆರೆ, ಬಾವಿ, ಕಣಜ, ಗುಡಿ, ದರ್ಗಾ. ಸುಮಾರು ಮೂರು ಸಾವಿರ ಜನ ಅಲ್ಲಿ ಬಾಳುತ್ತಿದ್ದಾರೆ. ಏಳು ಕಿಲೋಮೀಟರಿಗೂ ಮಿಗಿಲಾದ ಕೋಟೆಯ ಸುತ್ತಳತೆಯನ್ನು ಒಂದು ದಿನದಲ್ಲಿ ನೋಡಿ ಮುಗಿಸುವುದು ಕಾಲಿಗೆ ಕಷ್ಟವೇನೂ ಅಲ್ಲ. ಕಷ್ಟವಿರುವುದು ಕಂಡುದನ್ನು ಅರ್ಥವಿಸುವುದರಲ್ಲಿ.

ಏಕೆಂದರೆ ಈ ಬೆಟ್ಟವನ್ನು ನೋಡುವ ಎರಡು ರೂಢಿಗಳು ಬೆಳೆದು ಬಂದಿವೆ. ಒಂದು, ಕ್ರಿ. ಶ. ೧೬೬೦ರ ಒಂದು ರಾತ್ರಿಯನ್ನು ಮಾತ್ರ ಕಾಣುವುದು; ಮಿಕ್ಕ ಶತಮಾನಗಳನ್ನು ಅದರ ಪೀಠಿಕೆಯೆಂದು ಎಣಿಸುವುದು. ಇನ್ನೊಂದು, ಕನ್ನಡಿಗನಿಗೆ ಸಹಜವಾದ ರೂಢಿ: ಶಿಲಾಹಾರರ ಕಾಲದಲ್ಲಿ ಈ ಸೀಮೆಯಲ್ಲಿ ಕನ್ನಡ ಶಾಸನಗಳು ಹುಟ್ಟಿದ್ದುವೆಂಬುದನ್ನು ನೆನೆದು, "ಇದೂ ಒಂದು ಕಾಲಕ್ಕೆ ನಮ್ಮದೇ" ಎಂದು ಹೇಳಿ ಹಿಂದಿರುಗುವುದು. ಭಾಷಾವಾರು ಪ್ರಾಂತಗಳ ರಚನೆಯಾದ ೧೯೫೬ರಿಂದ ಈಚೆಗೆ, ಗಡಿಯ ವಾದವು ಕಾವೇರಿದಾಗಲೆಲ್ಲ, ಈ ಎರಡನೆಯ ಮಾತಿಗೆ ಹೊಸ ಹುರುಪು ಬರುವುದುಂಟು. ಈ ಎರಡು ರೂಢಿಗಳನ್ನೂ ಪನ್ಹಾಳದ ಕಲ್ಲುಗಳು ಎಷ್ಟರಮಟ್ಟಿಗೆ ಸಮರ್ಥಿಸುತ್ತವೆ ಎಂಬುದು ವಿಚಾರಾರ್ಹ.

ಮೊದಲು ಹೆಸರನ್ನೇ ತೆಗೆದುಕೊಳ್ಳಬಹುದು. ಪುರಾಣಪ್ರಿಯರು ಇದನ್ನು 'ಪನ್ನಗಾಲಯ', ಅಂದರೆ ಸರ್ಪಗಳ ನೆಲೆ, ಎಂದರು. ಶಾಸನಗಳಲ್ಲಿ ಪದ್ಮನಾಲ, ಪ್ರಣಾಲಕ, ಪನ್ನಾಲ ಎಂಬ ರೂಪಗಳು ಕಾಣುತ್ತವೆ. ಹದಿನೇಳನೆಯ ಶತಮಾನದ ಸಂಸ್ಕೃತ ಕವಿಗೆ ಇದು 'ಪರ್ಣಾಲ ಪರ್ವತ'. ದುರ್ಗವನ್ನು ಕಟ್ಟಿಸಿದ ಕೀರ್ತಿ ಕೊಲ್ಲಾಪುರದ ಶಿಲಾಹಾರ ವಂಶದ ಇಮ್ಮಡಿ ಭೋಜನಿಗೆ ಸಲ್ಲುತ್ತದೆ. ಆತನು ೧೧೯೧-೯೨ರಲ್ಲಿ ಇಲ್ಲಿಂದ ರಾಜ್ಯವಾಳುತ್ತಿದ್ದನೆಂಬುದು ತಾಮ್ರಪಟದಿಂದ ತಿಳಿದುಬರುತ್ತದೆ. ಸಹ್ಯಾದ್ರಿಯಿಂದ ಪೂರ್ವಕ್ಕೆ ಚಾಚಿದ ಈ ಬೆಟ್ಟದ ಆಯ್ಕೆ ಅಕಸ್ಮಾತ್ತಾದುದಲ್ಲ. ಕೊಂಕಣದ ಬಂದರುಗಳಿಂದ ಘಟ್ಟವನ್ನೇರಿ ಬಯಲುಸೀಮೆಗೆ ಬರುವ ಸರಕಿನ ದಾರಿಯನ್ನು ಇಲ್ಲಿಂದ ಕಾಯಬಹುದಾಗಿತ್ತು. ದಾರಿಯನ್ನು ಕಾಯುವವನಿಗೆ ಸುಂಕವೂ ಸೇರುತ್ತದೆ, ಶತ್ರುವೂ ಸೇರುತ್ತಾನೆ. ಎರಡೂ ಭೋಜನ ಪಾಲಿಗೆ ಬಂದುವು.

ಶಿಲಾಹಾರರು ತಮ್ಮನ್ನು ಜೀಮೂತವಾಹನನ ಅನ್ವಯದವರೆಂದು ಹೇಳಿಕೊಂಡರು. ಗರುಡನ ಬಾಯಿಗೆ ಬೀಳಲಿದ್ದ ಸರ್ಪವನ್ನು ಉಳಿಸಲು ಆ ವಿದ್ಯಾಧರ ರಾಜಕುಮಾರನು ತಾನೇ ವಧ್ಯಶಿಲೆಯ ಮೇಲೆ ಆಹಾರವಾಗಿ ನಿಂತ ಕಥೆಯಿಂದಲೇ ವಂಶದ ಹೆಸರನ್ನು ಬಿಡಿಸುವುದು ಸಂಪ್ರದಾಯ. ಆದರೂ ಅವರ ಧ್ವಜದ ಮೇಲಿದ್ದುದು ಸುವರ್ಣ ಗರುಡ. ದೇವಗಿರಿಯ ಯಾದವರ ಸಿಂಘಣನು ಭೋಜನನ್ನು ಸೋಲಿಸಿದಾಗ ಪ್ರಶಸ್ತಿಕಾರರು ಈ ಚಿಹ್ನೆಯನ್ನೇ ತಿರುಗಿಸಿ ಹಿಡಿದರು: ಪನ್ನಾಲದಲ್ಲಿ ವಾಸಿಸುವ ಭೋಜನೆಂಬ ಹಾವಿಗೆ ಸಿಂಘಣನು ಗರುಡನಾದನೆಂದು ಬಣ್ಣಿಸಿದರು. ಸರ್ಪವನ್ನು ಕಾಪಾಡಿದವನ ವಂಶವು ಸರ್ಪವಾಗಿ, ಗರುಡಧ್ವಜನು ಗರುಡನಿಗೆ ಬಲಿಯಾದನು. ಖಿದ್ರಾಪುರದ ಕೋಪೇಶ್ವರ ದೇವಾಲಯದಲ್ಲಿರುವ, ೧೨೧೩ರ ಸುಮಾರಿನ ಸಿಂಘಣನ ಶಾಸನವು ಆ ಹೊತ್ತಿಗೆ ಈ ನಾಡು ಯಾದವರ ಕೈಸೇರಿತ್ತೆಂಬುದಕ್ಕೆ ಸಾಕ್ಷಿ.

ಈ ಶಿಲಾಹಾರರಿಗೂ ಕನ್ನಡಕ್ಕೂ ಇದ್ದ ನಂಟು ನಿಸ್ಸಂದೇಹವಾದುದು. ಹೊನ್ನೂರು, ಹೇರ್ಲೆ ಮೊದಲಾದ ಕಡೆಗಳಲ್ಲಿ ದೊರೆತ ಅವರ ಶಿಲಾಶಾಸನಗಳು ಕನ್ನಡದವು. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನು ವರಿಸಿದ, ಬಿಲ್ಹಣನು ತನ್ನ ಕಾವ್ಯದಲ್ಲಿ ವರ್ಣಿಸಿದ ಚಂದ್ರಲೇಖೆ ಕರಹಾಟದ ಶಿಲಾಹಾರ ಮನೆತನದ ಮಗಳು. ಹನ್ನೆರಡನೆಯ ಶತಮಾನದಲ್ಲಿ ನೇಮಿನಾಥಪುರಾಣವನ್ನು ರಚಿಸಿದ ಕರ್ಣಪಾರ್ಯನಿಗೆ ಶಿಲಾಹಾರ ವಿಜಯಾದಿತ್ಯನ ಮಂತ್ರಿಯ ಆಶ್ರಯವಿತ್ತು. ಅದೇ ವಿಜಯಾದಿತ್ಯನ ಮಗ ಪನ್ಹಾಳದ ಈ ಭೋಜ. ಭೋಜನ ಆಳ್ವಿಕೆಯಲ್ಲಿಯೇ, ೧೨೦೫ರಲ್ಲಿ, ಇಂದಿನ ಆಜರೆಯಲ್ಲಿ ಕುಳಿತು ಸೋಮದೇವನೆಂಬ ಜೈನ ವಿದ್ವಾಂಸನು ಶಬ್ದಾರ್ಣವಚಂದ್ರಿಕೆ ಎಂಬ ಸಂಸ್ಕೃತ ವ್ಯಾಕರಣ ಗ್ರಂಥವನ್ನು ಬರೆದನು.

ಇಷ್ಟು ಆಧಾರಗಳು ದೊರೆತ ಮೇಲೆ "ನಮ್ಮದೇ" ಎನ್ನಲು ಅಡ್ಡಿ ಏನೆಂದು ಕೇಳಬಹುದು. ಅಡ್ಡಿಯನ್ನು ಒಡ್ಡುವುದು ಕನ್ನಡದ ಆದ್ಯ ಲಕ್ಷಣಗ್ರಂಥವೇ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಕನ್ನಡದಲ್ಲಿ ನೆಲೆಗೊಂಡ ನಾಡೆಂದು ಹೇಳುತ್ತದೆ. ಈ ಭಾಗವನ್ನು ಎಲ್ಲರೂ ಅಭಿಮಾನದಿಂದ ನೆನೆಯುತ್ತಾರೆ. ಆದರೆ ಅದೇ ಗ್ರಂಥವು ಕನ್ನಡದ ತಿರುಳು ಎಲ್ಲಿದೆಯೆಂದು ಹೇಳುವಾಗ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ಸೀಮೆಯನ್ನು ಬೇರೆಯಾಗಿ ಎತ್ತಿ ತೋರಿಸುತ್ತದೆ. ಹರಹು ಬೇರೆ, ತಿರುಳು ಬೇರೆ ಎಂಬ ಎಚ್ಚರ ಆ ಗ್ರಂಥಕಾರನಿಗಿತ್ತು. ಪನ್ನಾಲೆಯು ಹರಹಿನೊಳಗೆ ಬರುತ್ತದೆ, ತಿರುಳಿನೊಳಗಲ್ಲ. ಹರಹಿನ ನಾಡಿನಲ್ಲಿ ಒಂದು ಭಾಷೆಯ ಪಕ್ಕದಲ್ಲಿಯೇ ಇನ್ನೊಂದು ಬೆಳೆಯುತ್ತಿರುತ್ತದೆ. ಅರಸನ ಶಾಸನವು ಬರೆಸಿದವನ ಮತ್ತು ಬರೆದವನ ಭಾಷೆಯನ್ನು ಹೇಳುತ್ತದೆಯೇ ಹೊರತು, ಬೆಟ್ಟದ ಬುಡದಲ್ಲಿ ಉಳುತ್ತಿದ್ದವರ ಮನೆಯ ಮಾತನ್ನೆಲ್ಲ ಹೇಳಲಾರದು. ಶಿಲಾಹಾರರ ಶಾಸನಗಳೆಲ್ಲವನ್ನೂ ಒಂದೆಡೆ ಕಲೆಹಾಕಿ, ಕನ್ನಡದವನ್ನೂ ಬಿಡದೆ, ೧೯೭೭ರಲ್ಲಿ ಹೊರತಂದವರು ಮಹಾರಾಷ್ಟ್ರದ ವಿದ್ವಾಂಸರಾದ ವಾಸುದೇವ ವಿಷ್ಣು ಮಿರಾಶಿಯವರೆಂಬುದನ್ನೂ ಇಲ್ಲಿ ನೆನೆಯತಕ್ಕದ್ದು.

ಯಾದವರ ತರುವಾಯ ದುರ್ಗವು ಬಹಮನಿಗಳಿಗೆ, ಹದಿನೈದನೆಯ ಶತಮಾನದ ಕೊನೆಗೆ ವಿಜಾಪುರದ ಆದಿಲಶಾಹಿಗೆ ಸೇರಿತು. ಬಹಮನಿ ಮಂತ್ರಿ ಮಹಮೂದ ಗಾವಾನನು ೧೪೬೯ರ ಮಳೆಗಾಲವನ್ನು ಇಲ್ಲಿಯೇ ಕಳೆದನು. ಇಂದು ಕಣ್ಣಿಗೆ ಬೀಳುವ ಗಟ್ಟಿಮುಟ್ಟಾದ ಕಟ್ಟಡಗಳಲ್ಲಿ ಹೆಚ್ಚಿನವು ವಿಜಾಪುರದ ಕಾಲದವು. ಪಶ್ಚಿಮದಿಕ್ಕಿನ ತೀನ ದರವಾಜಾದಲ್ಲಿ ಒಂದನೆಯ ಇಬ್ರಾಹಿಂ ಆದಿಲಶಾಹನ ಕಾಲದ ಫಾರಸಿ ಲೇಖವಿದೆ; ಅದೇ ಬಾಗಿಲಿನ ಮೇಲೆ ಗಣೇಶನ ಚಿಕ್ಕ ಮೂರ್ತಿಯೂ ಇದೆ. ನಡುಹಗಲಿನಲ್ಲಿ ಬಾಗಿಲಿನ ಕಮಾನಿನ ತಂಪಿನಲ್ಲಿ ನಿಂತವನಿಗೆ ಎರಡೂ ಒಂದೇ ನೋಟದಲ್ಲಿ ದೊರೆಯುತ್ತವೆ. ಒಬ್ಬರು ಇನ್ನೊಬ್ಬರದನ್ನು ಒಡೆಯಲಿಲ್ಲ. ಬಾಗಿಲು ಎಲ್ಲರಿಗೂ ಬೇಕಾಗಿತ್ತು.

ಬೇಕಾದವು ಇನ್ನೂ ಎರಡಿದ್ದುವು: ಕಾಳು ಮತ್ತು ನೀರು. ಅಂಬರಖಾನೆಯೆಂಬ ಧಾನ್ಯಾಗಾರದಲ್ಲಿ ಗಂಗಾ, ಯಮುನಾ, ಸರಸ್ವತಿ ಎಂಬ ಮೂರು ಕೋಠಿಗಳು. ದೊಡ್ಡದಾದ ಗಂಗಾ ಕೋಠಿಯಲ್ಲಿ ೨೫,೦೦೦ ಖಂಡಿ ಧಾನ್ಯ ಹಿಡಿಯುತ್ತಿತ್ತೆಂದು ಹೇಳುತ್ತಾರೆ. ಒಳಗೆ ಹದಿನಾರು ಅಂಕಣ. ಪ್ರತಿಯೊಂದು ಅಂಕಣದ ಮೇಲ್ಛಾವಣಿಯಲ್ಲಿ ಒಂದು ಕಂಡಿ. ಹೊರಗಿನ ಮೆಟ್ಟಿಲೇರಿ ಹೋಗಿ ಕಂಡಿಯಿಂದ ಕಾಳನ್ನು ಸುರಿಯುವ ಏರ್ಪಾಡು. ಅಂಧಾರಬಾವಿಯು ಹೊರಗಿನಿಂದ ನೋಡಿದರೆ ಬಾವಿಯೆಂದು ತೋರುವುದಿಲ್ಲ. ಮೂರು ಅಂತಸ್ತಿನ ಕಟ್ಟಡದ ಹೊಟ್ಟೆಯೊಳಗೆ ನೀರನ್ನು ಅಡಗಿಸಿಟ್ಟಿದ್ದಾರೆ. ಮುತ್ತಿಗೆ ಹಾಕಿದ ಶತ್ರು ಮೊದಲು ಕೆಡಿಸುವುದು ನೀರನ್ನೇ ಎಂಬ ಅನುಭವ ಈ ಕಟ್ಟಡದ ಹಿಂದಿದೆ. ಇವುಗಳನ್ನು ಉಪಯೋಗಿಸಿದ ಅರಸುಮನೆತನಗಳು ಒಂದಾದಮೇಲೊಂದು ಅಳಿದುವು. ಕಣಜ, ಬಾವಿಗಳು ಉಳಿದುವು.

ಅವುಗಳ ನಿಜವಾದ ಪರೀಕ್ಷೆಯಾದುದು ೧೬೬೦ರಲ್ಲಿ. ೧೬೫೯ರ ನವೆಂಬರಿನಲ್ಲಿ ಅಫಜಲಖಾನನು ಸತ್ತ ಮೂರು ವಾರದೊಳಗೆ ಶಿವಾಜಿಯು ಪನ್ಹಾಳವನ್ನು ವಶಪಡಿಸಿಕೊಂಡನು. ಮರುವರ್ಷದ ಮಾರ್ಚಿನಲ್ಲಿ ವಿಜಾಪುರದ ಪರವಾಗಿ ಕರ್ನೂಲಿನ ಸಿದ್ದಿ ಜೌಹರನು ಬಂದು ಬೆಟ್ಟವನ್ನು ಮುತ್ತಿದನು. ರಾಜಾಪುರದ ಇಂಗ್ಲಿಷ್ ಕೋಠಿಯವರು ಮದ್ದುಗುಂಡುಗಳೊಡನೆ ಬಂದು ಅವನಿಗೆ ನೆರವಾದರು. ಅದಕ್ಕೆ ಮರುವರ್ಷ ದಂಡ ತೆತ್ತರು. ಜುಲೈ ತಿಂಗಳ ಮಳೆಯ ರಾತ್ರಿ ಶಿವಾಜಿಯು ವಿಶಾಳಗಡದತ್ತ ಪಾರಾದುದು, ಶಿವಾ ಕಾಶೀದನೆಂಬ ನಾಪಿತನು ಆತನ ವೇಷದಲ್ಲಿ ಪಲ್ಲಕ್ಕಿಯಲ್ಲಿ ಕುಳಿತು ಪ್ರಾಣ ಕೊಟ್ಟುದು, ಘೋಡಖಿಂಡಿಯಲ್ಲಿ ಬಾಜಿಪ್ರಭು ದೇಶಪಾಂಡೆಯು ದಾರಿಯನ್ನು ತಡೆದು ನಿಂತು ಮಡಿದುದು ಮಹಾರಾಷ್ಟ್ರದ ಮಕ್ಕಳಿಗೂ ಬಾಯಿಪಾಠವಾದ ಸಂಗತಿಗಳು. ಆ ಶೌರ್ಯದ ಮುಂದೆ ಯಾವ ಭಾಷೆಯವನಾದರೂ ತಲೆಬಾಗತಕ್ಕದ್ದೇ. ಆದರೆ ಅಂದಿನ ಪಕ್ಷಗಳನ್ನು ಇಂದಿನ ಭಾಷೆ, ಮತಗಳ ಗೆರೆಯಲ್ಲಿ ವಿಂಗಡಿಸಲು ಬರುವುದಿಲ್ಲ. ಮುತ್ತಿದವನು ಆಫ್ರಿಕೆಯ ಮೂಲದ ಸಿದ್ದಿ. ಮುತ್ತಿಗೆಯನ್ನು ಮುರಿಯಲು ಹೊರಗಿನಿಂದ ಬಂದ ಶಿವಾಜಿಯ ಸರದಾರರಲ್ಲಿಯೂ ಸಿದ್ದಿ ಹಿಲಾಲನೆಂಬವನಿದ್ದನು. ಶಿವಾಜಿಯು ಎದುರಿಸಿದ ಆದಿಲಶಾಹಿಯ ಸೇವೆಯಲ್ಲಿ ಆತನ ತಂದೆ ಶಹಾಜಿಯೇ ಇದ್ದನು. ಆ ಜಹಗೀರಿನ ಕೇಂದ್ರ ಬೆಂಗಳೂರು.

ಇಲ್ಲಿಯೇ ಒಂದು ಅಪರೂಪದ ಎಳೆ ದೊರೆಯುತ್ತದೆ. ಕೈಬಿಟ್ಟ ಪನ್ಹಾಳವನ್ನು ೧೬೭೩ರಲ್ಲಿ ಕೊಂಡಾಜಿ ಫರ್ಜಂದನು ಕೇವಲ ಅರುವತ್ತು ಜನರೊಡನೆ ರಾತ್ರಿ ಬೆಟ್ಟವೇರಿ ಮರಳಿ ಗೆದ್ದನು. ಆ ವಿಜಯವನ್ನು 'ಪರ್ಣಾಲಪರ್ವತಗ್ರಹಣಾಖ್ಯಾನ'ವೆಂಬ ಸಂಸ್ಕೃತ ಕೃತಿಯಲ್ಲಿ ಹಾಡಿದವನು ಜಯರಾಮ ಪಿಂಡ್ಯೆ. ಈ ಕವಿಯು ಮೊದಲು ಬೆಂಗಳೂರಿನಲ್ಲಿ ಶಹಾಜಿಯ ಆಸ್ಥಾನವನ್ನು ಕಂಡವನು. ರಾಜವಾಡೆಯವರು ೧೯೨೨ರಲ್ಲಿ ಪ್ರಕಟಿಸಿದ ಆತನ ರಾಧಾಮಾಧವವಿಲಾಸ ಚಂಪುವಿನಲ್ಲಿ ಹಲವು ಭಾಷೆಗಳ ಪದ್ಯಗಳಿವೆ, ಕನ್ನಡವೂ ಅವುಗಳಲ್ಲಿ ಒಂದು. ಮರಾಠರ ಹೆಮ್ಮೆಯ ದುರ್ಗವಿಜಯವನ್ನು ಬಣ್ಣಿಸಿದ ಲೇಖನಿಗೆ ಕನ್ನಡದ ಊರಿನ ಪರಿಚಯವಿತ್ತು. ಪನ್ಹಾಳವನ್ನು ಬೆಂಗಳೂರಿಗೆ ಜೋಡಿಸುವ ದಾರಿ ಭೋಜನ ಕಾಲಕ್ಕೆ ಮುಗಿದುಹೋಗಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ. ಒಡೆತನದ ವಾದಕ್ಕೆ ಇದರಿಂದ ಏನೂ ಒದಗುವುದಿಲ್ಲ. ತಿಳಿವಳಿಕೆಗೆ ಬಹಳ ಒದಗುತ್ತದೆ.

ಮುಂದಿನ ಕಥೆಯನ್ನು ಸಂಗ್ರಹವಾಗಿ ಹೇಳಬಹುದು. ೧೭೦೧ರಲ್ಲಿ ಔರಂಗಜೇಬನೇ ಬಂದು ಇಲ್ಲಿ ಪಾಳೆಯ ಹೂಡಿದನು. ಇಂಗ್ಲೆಂಡಿನ ರಾಯಭಾರಿ ಸರ್ ವಿಲಿಯಂ ನಾರಿಸನು ಅವನನ್ನು ಕಂಡುದು ಈ ಪಾಳೆಯದಲ್ಲಿ. ದುರ್ಗವು ಮರಾಠರಿಗೆ ಮರಳಿದ ಮೇಲೆ ತಾರಾಬಾಯಿಯು ಇದನ್ನು ರಾಜಧಾನಿಯಾಗಿ ಮಾಡಿಕೊಂಡಳು. ೧೭೮೨ರಲ್ಲಿ ರಾಜಧಾನಿ ಕೊಲ್ಲಾಪುರಕ್ಕೆ ಇಳಿಯಿತು. ಮರಾಠಿಯ ಪಂಡಿತಕವಿ ಮೋರೋಪಂತನು ೧೭೨೯ರಲ್ಲಿ ಹುಟ್ಟಿದುದು ಈ ಬೆಟ್ಟದ ಮೇಲೆ. ೧೮೪೪ರಲ್ಲಿ ಕೋಟೆಯನ್ನು ವಂಶಪಾರಂಪರ್ಯವಾಗಿ ಕಾಯುತ್ತಿದ್ದ ಗಡಕರಿಗಳು, ತಮ್ಮ ಭೂಮಿಯ ಹಕ್ಕಿಗೆ ಹೊಸ ಆಡಳಿತವು ಕೈಹಚ್ಚಿತೆಂದು ದಂಗೆಯೆದ್ದು, ಸಾತಾರೆಯ ರೆಸಿಡೆಂಟ್ ಓವನ್ಸನನ್ನು ಹಿಡಿದು ಇಲ್ಲಿ ಸೆರೆಯಿಟ್ಟರು. ಡಿಸೆಂಬರ್ ೧ರಂದು ಇಂಗ್ಲಿಷ್ ಸೈನ್ಯವು ಗೋಡೆಯನ್ನು ಒಡೆದು ಒಳನುಗ್ಗಿತು. ಕೋಟೆಯ ಪೂರ್ವದ ಚಾರ ದರವಾಜಾವನ್ನು ಕೆಡವಿದವರೂ ಇಂಗ್ಲಿಷರೇ. ಇಂದಿನ ಬಸ್ಸು ಸಲೀಸಾಗಿ ಊರೊಳಗೆ ಬರುವುದು ಆ ಕೆಡವಿದ ಬಾಗಿಲಿನ ಎಡೆಯಿಂದ ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ.

೨೦೨೫ರ ಜುಲೈಯಲ್ಲಿ ಯುನೆಸ್ಕೋ ಸಂಸ್ಥೆಯು ಮರಾಠರ ಹನ್ನೆರಡು ದುರ್ಗಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪನ್ಹಾಳವು ಅವುಗಳಲ್ಲಿ ಒಂದು. ಮರಾಠರ ಹೆಸರಿನಲ್ಲಿ ದೊರೆತ ಈ ಮನ್ನಣೆ ಯೋಗ್ಯವಾದುದೇ. ದುರ್ಗಕ್ಕೆ ಅಖಿಲ ಭಾರತ ಕೀರ್ತಿಯನ್ನು ತಂದವರು ಅವರು. ಅದಕ್ಕೆ ಕನ್ನಡಿಗನು ಕರುಬಬೇಕಾಗಿಲ್ಲ. ಆದರೆ ಭೋಜನನ್ನೂ, ಅಂಧಾರಬಾವಿಯನ್ನು ಕಟ್ಟಿದ ವಿಜಾಪುರದವರನ್ನೂ ಮರೆತರೆ, ೧೬೬೦ರ ನಾಲ್ಕು ತಿಂಗಳ ಮುತ್ತಿಗೆಯನ್ನು ಬೆಟ್ಟವು ಹೇಗೆ ತಾಳಿತೆಂಬುದೇ ಅರ್ಥವಾಗದೆ ಹೋಗುತ್ತದೆ. ಇತ್ತ ಕನ್ನಡಿಗನು ಶಾಸನಗಳನ್ನು ಎಣಿಸಿ ತೃಪ್ತನಾದರೆ, ಆ ಬಳಿಕದ ಏಳು ಶತಮಾನಗಳನ್ನು ತಾನಾಗಿಯೇ ಬಿಟ್ಟುಕೊಟ್ಟಂತೆ.

ಸಂಜೆಯ ಹೊತ್ತಿಗೆ ಸಜ್ಜಾಕೋಠಿಯ ಮೇಲಂತಸ್ತಿನಲ್ಲಿ ನಿಂತರೆ ಕೆಳಗಿನ ಕಣಿವೆ ಮಂಜಿನಲ್ಲಿ ಮಸುಕಾಗುತ್ತದೆ. ಸಂಭಾಜಿಯನ್ನು ತಂದೆಯು ಇರಿಸಿದ್ದುದು ಇಲ್ಲಿಯೇ ಎಂದು ಸ್ಥಳೀಕರು ಹೇಳುತ್ತಾರೆ. ಕೊಲ್ಲಾಪುರಕ್ಕೆ ಹಿಂದಿರುಗುವ ಬಸ್ಸಿನಲ್ಲಿ ಮರಾಠಿಯೊಡನೆ ಗಡಿಯೂರುಗಳ ಕನ್ನಡವೂ ಕಿವಿಗೆ ಬಿದ್ದರೆ ಅಚ್ಚರಿಯಿಲ್ಲ. ತಿರುಳನ್ನು ಬಿಟ್ಟು ಹರಹಿನಲ್ಲಿ ಬಾಳುವುದು ಹೊರನಾಡ ಕನ್ನಡಿಗನಿಗೆ ಪುಸ್ತಕದ ಮಾತಲ್ಲ, ನಿತ್ಯದ ಅನುಭವ. ನೆರೆಮನೆಯ ಭಾಷೆಯಲ್ಲಿ ವ್ಯವಹರಿಸಿ, ತನ್ನ ಮನೆಯಲ್ಲಿ ತನ್ನ ಭಾಷೆಯನ್ನು ಉಳಿಸಿಕೊಂಡು ಬಂದವನಿಗೆ ಪನ್ನಾಲೆಯ ಭೋಜನ ಆಸ್ಥಾನವನ್ನೂ, ಬೆಂಗಳೂರಿನಿಂದ ಪರ್ಣಾಲಕ್ಕೆ ಬಂದ ಜಯರಾಮನ ಲೇಖನಿಯನ್ನೂ ಅರಿಯುವುದು ಕಠಿಣವಲ್ಲ. ಈ ಅರಿವಿನಿಂದ ನೋಡುವ ಕಣ್ಣು ಆ ಬೆಟ್ಟಕ್ಕೆ ಬೇಕಾಗಿದೆ. ಹೊರನಾಡ ಕನ್ನಡಿಗರಿಂದ ಅದಕ್ಕೆ ಸಲ್ಲಬಹುದಾದ ಸೇವೆಯೂ ಅದೇ.