ಕೆರೆ ಯಾವ ಬಗೆಯ ಸರಕು?

ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ ಕಾರ್ಣಿಕ ನುಡಿದಾಗ ನೆರೆದ ಲಕ್ಷಾಂತರ ಜನ ಅದನ್ನು ಕೇಳುತ್ತಾರೆ. ಒಬ್ಬ ಕೇಳಿದ್ದರಿಂದ ಪಕ್ಕದವನ ಪಾಲೇನೂ ಕಡಿಮೆಯಾಗದು. ಕೇಳಬೇಡ ಎಂದು ಯಾರನ್ನೂ ತಡೆಯಲೂ ಆಗದು. ಅದೇ ಜಾತ್ರೆಯ ಮಂಡಕ್ಕಿ ಮಿರ್ಚಿ ಕಾಸು ಕೊಟ್ಟವನಿಗಷ್ಟೇ, ಅದೂ ತಿಂದವನಿಗಷ್ಟೇ. ಸಾರ್ವಜನಿಕ ಸರಕು, ಖಾಸಗಿ ಸರಕು ಎಂದು ಅರ್ಥಶಾಸ್ತ್ರ ಬೇರ್ಪಡಿಸುವುದು ಈ ಎರಡು ಗುಣಗಳನ್ನು ಹಿಡಿದೇ. ತೊಡಕೆಲ್ಲ ಇರುವುದು ಇವೆರಡರ ನಡುವೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯಂಥ ಮಳೆ ನೆಚ್ಚಿದ ಸೀಮೆಯ ಬದುಕು ನಿಂತಿರುವುದೂ ಆ ನಡುವಿನ ಸರಕುಗಳ ಮೇಲೆ.

ಚಿಂತನೆಯ ಬೇರು ಹಳೆಯದು. ಇಬ್ಬರು ನೆರೆಯವರು ಒಪ್ಪಿ ತಗ್ಗು ಹೊಲದ ನೀರು ಹರಿಸಬಲ್ಲರು, ಸಾವಿರ ಜನ ಹಾಗೆ ಒಪ್ಪುವುದು ಕಷ್ಟ, ಪ್ರತಿಯೊಬ್ಬನೂ ಖರ್ಚಿಗೆ ಹಿಂದೆ, ಲಾಭಕ್ಕೆ ಮುಂದೆ ನಿಲ್ಲುತ್ತಾನೆ ಎಂದು ಡೇವಿಡ್ ಹ್ಯೂಮ್ 1740ರ ಹೊತ್ತಿಗೇ ಕಂಡಿದ್ದ. ರಸ್ತೆ, ಸೇತುವೆಯಂಥವನ್ನು ಸರ್ಕಾರವೇ ನೋಡಿಕೊಳ್ಳಬೇಕೆಂದು 1776ರಲ್ಲಿ ಆಡಂ ಸ್ಮಿತ್ ಬರೆದ. ನಮ್ಮ ಕಡೆ ಇದೇ ತೊಡಕಿಗೆ ಇನ್ನೊಂದು ದಾರಿಯಿತ್ತು. ವಿಜಯನಗರ ಕಾಲದ ಶಾಸನಗಳಲ್ಲಿ ಕಾಣುವ ದಶವಂದವೇ ಅದು: ಕೆರೆ ಕಟ್ಟಿಸಿದವನಿಗೆ, ಏರಿ ತೂಬು ದುರಸ್ತಿ ಇಟ್ಟವನಿಗೆ ಜಮೀನಿನಲ್ಲಿ ಒಂದು ಪಾಲು. 1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟು, ಥಾಮಸ್ ಮನ್ರೋ ಕಲೆಕ್ಟರಾಗಿ ಬಂದ ಮೇಲೂ ಇಂಥ ಇನಾಮುಗಳು ಉಳಿದಿದ್ದವು. ಎಲ್ಲರ ಕೆಲಸ ಮಾಡಿದವನಿಗೆ ಅವನೊಬ್ಬನದೇ ಆದ ಲಾಭವಿರಬೇಕು ಎಂದು ಮ್ಯಾಂಕರ್ ಓಲ್ಸನ್ ಸಿದ್ಧಾಂತವಾಗಿ ಬರೆದದ್ದು 1965ರಲ್ಲಿ. ಕೆರೆ ಕಟ್ಟಿದವರು ಶತಮಾನಗಳ ಹಿಂದೆಯೇ ಅದನ್ನು ಕಲ್ಲಿನಲ್ಲಿ ಬರೆಸಿದ್ದರು ಎಂಬುದನ್ನು ನಮ್ಮ ಪಠ್ಯಪುಸ್ತಕಗಳು ಹೇಳಬೇಕು.

ಆಧುನಿಕ ವ್ಯಾಖ್ಯೆ ಬಂದದ್ದು ಪಾಲ್ ಸ್ಯಾಮ್ಯುಯೆಲ್ಸನ್ 1954ರಲ್ಲಿ ಪ್ರಕಟಿಸಿದ ಮೂರೇ ಪುಟಗಳ ಲೇಖನದಲ್ಲಿ. ಒಬ್ಬರು ಬಳಸಿದರೆ ಇನ್ನೊಬ್ಬರಿಗೆ ಕಡಿಮೆಯಾಗದ್ದೇ ಸಾರ್ವಜನಿಕ ಸರಕು ಎಂಬುದು ಅದರ ತಿರುಳು. ಹೊರಗಿಡಲಾಗದಿರುವುದೆಂಬ ಇನ್ನೊಂದು ಗುಣಕ್ಕೆ 1959ರಲ್ಲಿ ರಿಚರ್ಡ್ ಮಸ್‌ಗ್ರೇವ್ ಒತ್ತು ಕೊಟ್ಟರು. 1965ರಲ್ಲಿ ಜೇಮ್ಸ್ ಬುಕಾನನ್ ಸಾರ್ವಜನಿಕ, ಖಾಸಗಿ ಸರಕುಗಳ ನಡುವೆ ಕ್ಲಬ್ ಸರಕನ್ನು ಕಂಡರು: ಒಳಗಿನವರೆಲ್ಲ ಹಂಚಿಕೊಳ್ಳುವ, ಹೊರಗಿನವರಿಗೆ ಮುಚ್ಚಿದ ಸರಕು. ಹಡಗಲಿ ಮಲ್ಲಿಗೆಯನ್ನೇ ನೋಡಿ. ಮೊಳ ಹೂ ಖಾಸಗಿ, ಮುಡಿದವಳದು. ಆದರೆ ಭೌಗೋಳಿಕ ಸೂಚಿಕೆ ಪಡೆದ ‘ಹಡಗಲಿ ಮಲ್ಲಿಗೆ’ ಎಂಬ ಹೆಸರು ಇಲ್ಲಿನ ಬೆಳೆಗಾರರೆಲ್ಲರದು. ಒಬ್ಬ ಬಳಸಿದರೆ ಸವೆಯದು, ಬೇರೆ ಊರಿನವನಿಗೆ ಸಿಗದು.

ಕೆರೆ ಈ ಯಾವ ಗೂಡಿಗೂ ಹೊಂದುವುದಿಲ್ಲ. ನೀರು ಬಳಸಿದಷ್ಟೂ ಕಡಿಮೆಯಾಗುತ್ತದೆ, ತಡೆಯುವುದೂ ಕಷ್ಟ. 1968ರಲ್ಲಿ ಗ್ಯಾರೆಟ್ ಹಾರ್ಡಿನ್ ಇಂಥ ಆಸ್ತಿ ಹಾಳಾಗುವುದೇ ವಿಧಿ ಎಂಬಂತೆ ಬರೆದರು. ವಿನ್ಸೆಂಟ್ ಮತ್ತು ಎಲಿನಾರ್ ಆಸ್ಟ್ರಾಮ್ 1977ರಲ್ಲಿ ಅದಕ್ಕೆ ಬೇರೆಯೇ ಮನೆ ಕೊಟ್ಟು, ಸರಕಿನ ನಾಲ್ಕು ಬಗೆಯ ಪಟ್ಟಿ ಪೂರ್ತಿ ಮಾಡಿದರು. ಬಡವರ ಮೇವು, ಸೌದೆ ಎಷ್ಟರಮಟ್ಟಿಗೆ ಗೋಮಾಳವನ್ನು ನಂಬಿದೆಯೆಂದು ಎನ್.ಎಸ್. ಜೋಧಾ 1986ರಲ್ಲಿ ಕರ್ನಾಟಕವೂ ಸೇರಿ ಏಳು ರಾಜ್ಯಗಳ ಒಣಸೀಮೆಯ ಹಳ್ಳಿಗಳಿಂದ ತೋರಿಸಿಕೊಟ್ಟರು. ನನಗೆ ಎಲ್ಲಕ್ಕಿಂತ ಹತ್ತಿರದ್ದು ರಾಬರ್ಟ್ ವೇಡ್ 1988ರಲ್ಲಿ ಪ್ರಕಟಿಸಿದ ಅಧ್ಯಯನ. ನೆರೆಯ ಕರ್ನೂಲು ಜಿಲ್ಲೆಯಲ್ಲಿ, ನೀರು ಸರಿಯಾಗಿ ತಲುಪದ ಕಾಲುವೆಯ ಕೊನೆಯ ಹಳ್ಳಿಗಳೇ ಹೆಚ್ಚು ಸಂಘಟಿತವಾಗಿದ್ದವು. ಊರೇ ಹಣ ಕೂಡಿಸಿ ಹೊಲಗಳಿಗೆ ನೀರು ಹಂಚುವ ನೀರುಗಂಟಿಗಳನ್ನು ನೇಮಿಸುತ್ತಿತ್ತು. ಹಾಳಾಗುವುದೇ ವಿಧಿ ಎಂಬ ಹಾರ್ಡಿನ್ ಮಾತಿಗೆ ಇದು ನೇರ ಉತ್ತರ. ಎಲಿನಾರ್ ಆಸ್ಟ್ರಾಮ್ 1990ರ ಪುಸ್ತಕದಲ್ಲಿ ಇಂಥ ವ್ಯವಸ್ಥೆಗಳು ಬಾಳುವುದಕ್ಕೆ ಎಂಟು ಲಕ್ಷಣ ಗುರುತಿಸಿದರು. 2009ರಲ್ಲಿ ನೊಬೆಲ್ ಪಡೆದರು.

ಸರಕಿನ ಬಗೆ ಅದರ ಹುಟ್ಟುಗುಣವಷ್ಟೇ ಅಲ್ಲ, ಸುತ್ತಲಿನ ಕಟ್ಟಳೆಯದೂ ಹೌದು ಎಂಬಲ್ಲಿಗೆ ಶಾಸ್ತ್ರ ಬಂದು ನಿಂತಿದೆ. ಕೊಳವೆಬಾವಿ ಇದಕ್ಕೆ ಸಾಕ್ಷಿ. ಕೆರೆಯಿಂದ ಇಂಗಿದ ನೀರು ಊರಿನದೇ. ಆದರೆ 1882ರ ಈಸ್ಮೆಂಟ್ ಕಾಯ್ದೆಯ ಕಾಲದಿಂದ ನೆಲದ ಒಡೆಯನೇ ಅಂತರ್ಜಲದ ಒಡೆಯನೆಂಬ ತಿಳಿವಳಿಕೆ ಬೇರೂರಿದೆ. 2008ರಿಂದ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟೂ ಉಚಿತ. ಬೋರು ಕೊರೆಸುವ ಶಕ್ತಿಯಿದ್ದವನಿಗೆ ತೂಬಿನ ಚಿಂತೆ ಇಲ್ಲವಾಯಿತು. ಅವನು ಹಿಂದೆ ಸರಿದಂತೆ ಹೂಳೆತ್ತುವ ಕೈಗಳೂ ಕಡಿಮೆಯಾದವು.

ಒಂದೇ ಕೆರೆ ಎರಡು ಬಗೆಯ ಸರಕಾಗುವುದೂ ಉಂಟು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ನೀರಾವರಿಗೆಂದು ಕಟ್ಟಿದ ಕೆರೆ. ಜಾಲಿ ಮರಗಳಲ್ಲಿ ಹಕ್ಕಿಗಳು ನೆಲೆಸಿ, ಅದು ಪಕ್ಷಿ ಸಂರಕ್ಷಣಾ ಮೀಸಲಾಗಿ, 2024ರಲ್ಲಿ ಜಾಗತಿಕ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ನೀರು ಅಚ್ಚುಕಟ್ಟಿನವರದು, ಹಕ್ಕಿಗಳು ಜಗತ್ತಿನವು. ಜಗತ್ತಿಗಾಗಿ ನೀರು ಉಳಿಸುವ ರೈತನಿಗೆ ಜಗತ್ತು ಏನು ಕೊಡುತ್ತದೆಂಬ ಪ್ರಶ್ನೆಗೆ ಉತ್ತರ ಇನ್ನೂ ಸಿಕ್ಕಿಲ್ಲ.

ಈಗ ತುಂಗಭದ್ರೆಯ ನೀರನ್ನು ಪೈಪಿನಲ್ಲಿ ತಂದು ಕೂಡ್ಲಿಗಿ ತಾಲ್ಲೂಕಿನ 74 ಕೆರೆಗಳನ್ನು ತುಂಬಿಸುವ ಯೋಜನೆಯಿದೆ. ಇದು ಬೇಕಾದದ್ದೇ. ಆದರೆ ಪಂಪು, ಪೈಪಿನ ಜೊತೆಗೆ ನೀರುಗಂಟಿಯ ಸಂಬಳವೂ, ಕೆರೆ ಸುತ್ತಲಿನ ಬೋರುಗಳ ಲೆಕ್ಕವೂ ಯೋಜನೆಯ ಅಂದಾಜುಪಟ್ಟಿಯಲ್ಲಿರಬೇಕು. ಇಲ್ಲದಿದ್ದರೆ ಸರ್ಕಾರದ ಹಣದಲ್ಲಿ ತುಂಬಿದ ಕೆರೆ ಅಕ್ಕಪಕ್ಕದ ಕೆಲವೇ ಬೋರುಗಳ ಖಾಸಗಿ ನೀರಾಗುತ್ತದೆ.