ಉಳುಕಿದ ಕಾಲಿಗೆ ಎಷ್ಟು ದಿನ ಕಟ್ಟು?

ಬೆಂಗಳೂರಿನ ಚಂದ್ರಾ ಲೇಔಟಿನಲ್ಲಿ ಈಗ ಕಾಲು ಉಳುಕಿದರೆ ಎರಡು ರಸ್ತೆ ದಾಟುವುದರೊಳಗೆ ಒಂದು ಫಿಸಿಯೊಥೆರಪಿ ಕ್ಲಿನಿಕ್ ಸಿಗುತ್ತದೆ. ಇನ್ನಷ್ಟು ದೂರ ಹೋದರೆ ‘ಪುತ್ತೂರು ಕಟ್ಟು’ ಎಂಬ ಬೋರ್ಡೂ ಕಾಣುತ್ತದೆ. ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದ ನನಗೆ ಈ ಎರಡು ಬೋರ್ಡುಗಳ ನಡುವೆ ಹಳೆಯದೊಂದು ಜಗಳ ಕೇಳಿಸುತ್ತದೆ: ನೊಂದ ಕೀಲನ್ನು ಕಟ್ಟಿಡಬೇಕೋ, ಆಡಿಸಬೇಕೋ?

ಖೋ ಖೋ ಕಂಬ ತಿರುಗುವಾಗ ಪಾದ ಒಳಕ್ಕೆ ಮಗುಚಿ ಕೂತ ಹುಡುಗನಿಗೆ ಮನೆಯಲ್ಲಿ ಏನು ಮಾಡುತ್ತಾರೆಂದು ನಮಗೆ ಕೇಳದೆಯೇ ಗೊತ್ತಿರುತ್ತಿತ್ತು. ಹುಣಸೆಹಣ್ಣು, ಉಪ್ಪು ಕಲಸಿ ಬಿಸಿಮಾಡಿದ ಪಟ್ಟು; ಇಲ್ಲವೇ ಎಕ್ಕದೆಲೆಗೆ ಹರಳೆಣ್ಣೆ ಸವರಿ ಶಾಖ. ಸೊಂಟ ಹಿಡಿದರೆ ಮಾತ್ರ ಬೇರೆ ಉಪಾಯ: ಕಾಲು ಮುಂದಾಗಿ ಹುಟ್ಟಿದವರನ್ನು ಹುಡುಕಿ ತಂದು ಮೆಲ್ಲಗೆ ಒದೆಸಿಕೊಳ್ಳುವುದು. ಅಂಥ ಹುಡುಗ ನಮ್ಮ ಶಾಲೆಯಲ್ಲೂ ಒಬ್ಬನಿದ್ದ. ಬೀದಿಯ ಹಿರಿಯರನ್ನೆಲ್ಲ ಒದ್ದೂ ಬೈಸಿಕೊಳ್ಳದವನು ಅವನೊಬ್ಬನೇ.

ಮನೆಮದ್ದಿಗೆ ಬಗ್ಗದಿದ್ದರೆ ಪುತ್ತೂರು ಕಟ್ಟು. ದಕ್ಷಿಣ ಕನ್ನಡದ ಪುತ್ತೂರಲ್ಲ, ಆಂಧ್ರದ ಹಳೆಯ ಚಿತ್ತೂರು ಜಿಲ್ಲೆಯದು. ಅದರ ಪಕ್ಕದ ರಾಚಪಾಲೆಂನ ರಾಜು ಮನೆತನದವರು 19ನೇ ಶತಮಾನದ ಕೊನೆಯಿಂದಲೂ ಮೂಳೆ ಕಟ್ಟುತ್ತ ಬಂದಿದ್ದಾರೆ. ಸೊಪ್ಪಿನ ರಸ, ಮೊಟ್ಟೆಯ ಬಿಳಿ, ಬಟ್ಟೆ, ಬಿದಿರಿನ ದಬ್ಬೆ: ಒಣಗಿದರೆ ಕಲ್ಲಿನಂತೆ ಗಟ್ಟಿ. ಕ್ರಮ ಇನ್ನೂ ಹಳೆಯದು. ಮುರಿದ ಮೂಳೆಗೆ ಅತ್ತಿ, ಅರಳಿ ಮರಗಳ ತೊಗಟೆ ಇಟ್ಟು ಕಟ್ಟುವುದನ್ನು ಸುಶ್ರುತ ಸಂಹಿತೆಯೇ ಹೇಳಿದೆ. ಆದರೆ ಮುರಿದದ್ದಕ್ಕೆ ಸಲ್ಲುವ ಕಟ್ಟನ್ನು ನಮ್ಮ ಜನ ಉಳುಕಿಗೂ ಹಾಕಿಸಿಕೊಂಡರು, ವಾರಗಟ್ಟಲೆ ಬಿಚ್ಚಲಿಲ್ಲ.

ಆಡಿಸುವವರ ಪರಂಪರೆಯೂ ನಮ್ಮಲ್ಲಿ ಕಡಿಮೆಯದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮಲ್ಲರಿಗಾಗಿಯೇ ಒಂದು ಭಾಗವಿದೆ. ಭಾರ ಎತ್ತುವುದು, ನಡಿಗೆ, ಈಜು, ಕಂಬದ ಸಾಮು, ಹೀಗೆ ಶ್ರಮಗಳನ್ನು ಅಲ್ಲಿ ವಿಂಗಡಿಸಿದ್ದಾರೆ. ಬೆಂಗಳೂರು ಪೇಟೆಯ ಗರಡಿಗಳಲ್ಲೂ ಉಸ್ತಾದರು ಉಳುಕಿದ ಕಾಲನ್ನು ಎಣ್ಣೆ ಹಚ್ಚಿ ನೀವುತ್ತಿದ್ದರು, ಆಮೇಲೆ ಮೆಲ್ಲನೆ ಬಸ್ಕಿಗೆ ಇಳಿಸುತ್ತಿದ್ದರು. ಪೈಲ್ವಾನ ಮತ್ತೆ ಕೆಮ್ಮಣ್ಣಿಗೆ ಇಳಿಯಬೇಕಲ್ಲ.

ಯೂರೋಪಿನಲ್ಲೂ ಆಡಿಸಿ ಗುಣಪಡಿಸುವ ವಿದ್ಯೆ ಹುಟ್ಟಿದ್ದು ವ್ಯಾಯಾಮಶಾಲೆಯಲ್ಲೇ. ಸ್ವೀಡನ್ನಿನ ಪೆರ್ ಹೆನ್ರಿಕ್ ಲಿಂಗ್ 1813ರಲ್ಲಿ ಸ್ಟಾಕ್‌ಹೋಮಿನಲ್ಲಿ ವ್ಯಾಯಾಮದ ಸಂಸ್ಥೆ ಕಟ್ಟಿದ. 1894ರಲ್ಲಿ ಲಂಡನ್ನಿನ ನಾಲ್ವರು ನರ್ಸುಗಳು ಮಸಾಜು ಮಾಡುವವರ ಸಂಘ ಆರಂಭಿಸಿದರು. ಭಾರತದಲ್ಲಿ ಪೋಲಿಯೊ ಹಾವಳಿಯ ಬಳಿಕ 1950ರ ದಶಕದ ಆರಂಭಕ್ಕೆ ಮುಂಬಯಿಯಲ್ಲಿ ಮೊದಲ ಫಿಸಿಯೊಥೆರಪಿ ಶಾಲೆ ತೆರೆಯಿತು. ನಮ್ಮ ರಾಜ್ಯದಲ್ಲಿ 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಬಂತು, ಫಿಸಿಯೊಥೆರಪಿ ಪದವಿ (ಬಿ.ಪಿ.ಟಿ.) ಓದಿದವರು ಬಡಾವಣೆ ಬಡಾವಣೆಗೂ ಬಂದರು. 2000ದಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿ ಶುರುವಾದ ಮೇಲಂತೂ ‘ರಿಹ್ಯಾಬ್’ ಎಂಬುದು ಕ್ರೀಡಾಪುಟದಿಂದ ಮನೆಮಾತಿಗೇ ಇಳಿಯಿತು.

ಆದರೆ ಡಾಕ್ಟರುಗಳೂ ಬಹಳ ಕಾಲ ಕಟ್ಟಿನ ಪಕ್ಷವೇ. ಅಮೆರಿಕದ ಡಾ. ಗೇಬ್ ಮರ್ಕಿನ್ 1978ರಲ್ಲಿ ವಿಶ್ರಾಂತಿ, ಐಸು, ಬಿಗಿಪಟ್ಟಿ, ಕಾಲೆತ್ತಿಡುವುದು ಎಂಬ ನಾಲ್ಕು ಸೂತ್ರ ಕೊಟ್ಟರು. ಇಂಗ್ಲಿಷ್ ಮೊದಲಕ್ಷರಗಳಿಂದ ‘ರೈಸ್’ ಎಂದು ಹೆಸರಾದ ಅದನ್ನು ನಾವೂ ಮಕ್ಕಳಿಗೆ ಬಾಯಿಪಾಠ ಮಾಡಿಸಿದೆವು. ಐಸೂ ಪೂರ್ತಿ ವಿಶ್ರಾಂತಿಯೂ ಗುಣವಾಗುವುದನ್ನು ತಡ ಮಾಡಬಹುದೆಂದು 2014ರಲ್ಲಿ ಅವರೇ ಮಾತು ತಿದ್ದಿಕೊಂಡರು. ಇದಕ್ಕೆ ಬಹಳ ಮೊದಲೇ, 1965ರಲ್ಲಿ, ಇಂಗ್ಲೆಂಡಿನ ಎಂ.ಎ.ಆರ್. ಫ್ರೀಮನ್ ಮತ್ತು ಸಂಗಡಿಗರು ಇನ್ನೊಂದು ವಿಷಯ ತೋರಿಸಿದ್ದರು: ಉಳುಕಿದಾಗ ಕೀಲಿನ ಪಟ್ಟಿಯ ಜೊತೆಗೆ, ಪಾದ ಎಲ್ಲಿದೆಯೆಂದು ಮಿದುಳಿಗೆ ತಿಳಿಸುವ ನರಗಳೂ ಪೆಟ್ಟು ತಿನ್ನುತ್ತವೆ. ಅದಕ್ಕೇ ಒಮ್ಮೆ ಉಳುಕಿದ ಕಾಲು ಪದೇ ಪದೇ ಉಳುಕುತ್ತದೆ. ಅವರು ಸೂಚಿಸಿದ ಮದ್ದು, ಅಲುಗಾಡುವ ಹಲಗೆಯ ಮೇಲೆ ನಿಂತು ತೂಕ ಕಾಯುವುದು.

ಅಂಥ ಸಾಧನೆಯನ್ನು ನಮ್ಮ ಬಡಾವಣೆಯ ಕ್ಲಿನಿಕ್ಕೊಂದರಲ್ಲಿ ನೋಡಿದ್ದೇನೆ. ಪಕ್ಕದ ಮನೆಯ ಹುಡುಗಿ ಕುರ್ಚಿಯಲ್ಲಿ ಕೂತು ಹೆಬ್ಬೆರಳಿನಿಂದ ಗಾಳಿಯಲ್ಲಿ ಅ, ಆ, ಇ, ಈ ಬರೆಯುತ್ತಿದ್ದಳು. ‘ಋ’ ಬಂದಾಗ ಮುಖ ಕಿವುಚಿದಳು. “ಅಲ್ಲೇ ನೋಯೋದು ಪುಟ್ಟಿ, ಅದನ್ನೇ ಇನ್ನೊಂದು ಸಲ ಬರಿ” ಅಂದರು ಡಾಕ್ಟರಮ್ಮ. ಆಮೇಲೆ ರಬ್ಬರ್ ಪಟ್ಟಿ ಎಳೆಯುವುದು, ಕೊನೆಗೆ ಕಣ್ಣು ಮುಚ್ಚಿ ಒಂಟಿಕಾಲು.

ಕಟ್ಟಿಗೂ ಅದರ ಕಾಲವಿದೆ. ಪೆಟ್ಟಾದ ಮೇಲೆ ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಮೊದಲು ಎಕ್ಸ್‌ರೇ. ಅದು ಕೆನಡಾದ ಡಾಕ್ಟರುಗಳು 1992ರಲ್ಲಿ ರೂಪಿಸಿದ ಅಟಾವಾ ನಿಯಮಗಳಲ್ಲೊಂದು. ಮೂಳೆ ಸರಿಯಿದ್ದರೆ ಒಂದೆರಡು ದಿನ ಬಿಗಿಪಟ್ಟಿ, ಮುಂದಿನದು ನಮ್ಮದೇ ದುಡಿಮೆ. ನಮ್ಮವರು ಎಡವುವುದು ಇಲ್ಲೇ. ಕಟ್ಟನ್ನು ಬೇರೆಯವರು ಹಾಕುತ್ತಾರೆ, ಒಂಟಿಕಾಲಲ್ಲಿ ನಾವೇ ನಿಲ್ಲಬೇಕು. ನೋವು ಹೋದೊಡನೆ ವ್ಯಾಯಾಮ ಬಿಟ್ಟವರು ಮುಂದಿನ ವರ್ಷ ಅದೇ ಕಾಲು ಹಿಡಿದುಕೊಂಡು ಅದೇ ಕ್ಲಿನಿಕ್ಕಿಗೆ ಬರುತ್ತಾರೆ, ಈ ಸಲ ಡಾಕ್ಟರು ಸರಿಯಿಲ್ಲ ಎನ್ನುತ್ತ.